ಪಟ್ಟಿಯಲ್ಲಿ ಕಾಣದ ಫೈಲ್ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಡೊಂಬಿವಲಿ ನಿವಾಸಿ, ಬ್ಯಾಂಕಿನಿಂದ ನಿವೃತ್ತನಾದವನು. ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಕನ್ನಡ ರಾತ್ರಿಶಾಲೆಯೊಂದರ ನೆನಪಿಗೆ ನಮ್ಮ ಸಂಘ ಸ್ಮರಣ ಸಂಚಿಕೆ ತರುತ್ತಿದೆ. ಲೇಖನ, ಫೋಟೋ, ಹಳೆಯ ವರದಿಗಳ ಸ್ಕ್ಯಾನ್ ಎಲ್ಲವನ್ನೂ ಒಂದು ಫೋಲ್ಡರಿಗೆ ತುಂಬಿ ಒಪ್ಪ ಮಾಡುವ ಕೆಲಸ ನನ್ನದು. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಅಳಿಯ ನನ್ನ ಮ್ಯಾಕ್‌ನಲ್ಲಿ ಈಮ್ಯಾಕ್ಸ್ ಎಂಬ ಬರಹದ ತಂತ್ರಾಂಶ ಹಾಕಿಕೊಟ್ಟಿದ್ದಾರೆ. ಬರೆಯಲು ಹಿತವಾಗಿದೆ; ಆದರೆ ಫೋಲ್ಡರ್ ತೆರೆದರೆ ಪ್ರತಿ ಸಾಲಿನ ಮುಂದೆ ಅರ್ಥವಾಗದ ಅಕ್ಷರಗಳು, ನನ್ನದೇ ಹೆಸರು, ಅಂಕಿಗಳು; ಫೈಲಿನ ಹೆಸರು ಎಲ್ಲೋ ಕೊನೆಯಲ್ಲಿ. ಹತ್ತನೆಯ ಲೇಖನ ಎರಡನೆಯದಕ್ಕಿಂತ ಮೊದಲು ಬರುತ್ತದೆ. ಫೋಲ್ಡರುಗಳು ಫೈಲುಗಳ ನಡುವೆ ಕಲಸಿಹೋಗಿವೆ. ಅಳಿಯ ತಮ್ಮ ಲಿನಕ್ಸ್ ಕಂಪ್ಯೂಟರಿನಿಂದ ಕಳಿಸಿದ ಒಂದು ಸಾಲನ್ನು ಅಂಟಿಸಿದೆ. ಪಟ್ಟಿಯೇ ಬರಲಿಲ್ಲ, ದೋಷದ ಸೂಚನೆ ಬಂತು. ಇನ್ನೊಂದು ದಿನ ಕೆಲವು ಫೋಟೋಗಳಿಗೆ ಗುರುತು ಹಾಕಿ ಕೆ ಅಕ್ಷರ ಒತ್ತಿದೆ, ಅವೆಲ್ಲ ಮಾಯ. ಸಂಘದ ಕಾರ್ಯದರ್ಶಿ, ‘ಪಟ್ಟಿಯ ಕ್ರಮ ಬದಲಿಸಿದರೆ ಫೈಲುಗಳೇ ಕೆಡುತ್ತವೆ, ಮುಟ್ಟಬೇಡಿ’ ಎನ್ನುತ್ತಾರೆ. ಅವರೇ ದೇಣಿಗೆದಾರರ ಬ್ಯಾಂಕ್ ವಿವರದ ಫೈಲನ್ನು ‘ಮರೆಮಾಡಿ ಇಡಿ, ಸುರಕ್ಷಿತ’ ಎಂದೂ ಹೇಳುತ್ತಾರೆ. ಇನ್ನೊಂದು ವಿಚಿತ್ರ: ಅಳಿಯನ ಕಂಪ್ಯೂಟರಿನಲ್ಲಿ ‘ಫೋರ್ಟ್ ಶಾಲೆ’ ಎಂಬ ಒಂದೇ ಹೆಸರಿನ ಫೈಲ್ ಒಂದೇ ಫೋಲ್ಡರಿನಲ್ಲಿ ಎರಡು ಸಲ ಕಾಣುತ್ತದೆಯಂತೆ. ಇದೆಲ್ಲ ಸರಿಪಡಿಸಲು ಸಾಧ್ಯವೆ, ಅಥವಾ ಈ ವಯಸ್ಸಿನಲ್ಲಿ ಬೇರೆ ತಂತ್ರಾಂಶ ಕಲಿಯಬೇಕೆ?

ಉತ್ತರ: ನಿಮ್ಮ ಫೋಟೋಗಳು ಹೋಗಿಲ್ಲ. ಅದೇ ಪಟ್ಟಿಯಲ್ಲಿ ನಿಂತು ಸಣ್ಣ ಜಿ ಅಕ್ಷರ ಒತ್ತಿ. ಎಲ್ಲವೂ ಮರಳಿ ಕಾಣುತ್ತವೆ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ತುರ್ತಿನದು ನಿಮ್ಮ ಪತ್ರದ ಕೊನೆಯಲ್ಲಿದೆ. ಅಳಿಯನ ಕಂಪ್ಯೂಟರಿನಲ್ಲಿರುವ ಆ ಫೋಲ್ಡರನ್ನು ಸದ್ಯಕ್ಕೆ ನಿಮ್ಮ ಮ್ಯಾಕ್‌ಗೆ ನಕಲು ಮಾಡಬೇಡಿ. ಒಂದು ಲೇಖನ ನಿಜಕ್ಕೂ ಅಳಿಸಿಹೋಗುವ ಅಪಾಯ ಇರುವುದು ಅಲ್ಲಿ ಮಾತ್ರ.

‘ಫೋರ್ಟ್’ ಎಂಬ ಪದದ ‘ಫೋ’ವನ್ನು, ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆದಿಡಬಹುದು. ಒಂದು ಬಗೆಯಲ್ಲಿ ಓಕಾರದ ಚಿಹ್ನೆ ಇಡಿಯಾಗಿ ಒಂದೇ ಸಂಕೇತ. ಇನ್ನೊಂದು ಬಗೆಯಲ್ಲಿ ಅದೇ ಚಿಹ್ನೆ ಮೂರು ತುಂಡು: ಎಕಾರದ ಚಿಹ್ನೆ, ಊಕಾರದ ಚಿಹ್ನೆ, ಅದರ ಮುಂದೊಂದು ದೀರ್ಘ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ. ಕನ್ನಡದಲ್ಲಿ ಈ ಇಬ್ಬಗೆ ಓಕಾರಕ್ಕೆ ಸೀಮಿತವಲ್ಲ. ಈ, ಏ, ಐ, ಒ ಸ್ವರಗಳ ಚಿಹ್ನೆಗಳಿಗೂ ಇದೆ. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಒಡೆದ ರೂಪದಲ್ಲಿಯೇ ಬರೆದಿಡುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಎಂಬ ಹೊಸ ವ್ಯವಸ್ಥೆ, ಹೆಸರು ಹೇಗೆ ಬಂತೋ ಹಾಗೆಯೇ ಇಟ್ಟುಕೊಳ್ಳುತ್ತದೆ, ಆದರೆ ಹೋಲಿಸುವಾಗ ಎರಡೂ ರೂಪವನ್ನು ಒಂದೇ ಎಂದು ಎಣಿಸುತ್ತದೆ. ಲಿನಕ್ಸ್‌ಗೆ ಅಂಥ ಔದಾರ್ಯವಿಲ್ಲ. ಬೈಟುಗಳು ಬೇರೆಯಾದರೆ ಅದರ ಪಾಲಿಗೆ ಹೆಸರು ಬೇರೆ. ನಿಮ್ಮ ಸಂಘದಲ್ಲಿ ಯಾರೋ ಹಳೆಯ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ ಲೇಖನ ಒಂದು, ಬೇರೆ ಕಡೆಯಿಂದ ಬಂದದ್ದು ಇನ್ನೊಂದು. ಎರಡೂ ಅಳಿಯನ ಫೋಲ್ಡರಿನಲ್ಲಿ ಅಕ್ಕಪಕ್ಕ ಕುಳಿತಿವೆ ಎಂದು ನನ್ನ ಊಹೆ. ಅವು ಮ್ಯಾಕ್‌ಗೆ ಬಂದ ಕೂಡಲೆ ಒಂದರ ಮೇಲೊಂದು ಬೀಳುತ್ತವೆ. ಮ್ಯಾಕ್‌ನ ಫೈಲ್ ಕಿಟಕಿಯಾದ ಫೈಂಡರ್ ಮೂಲಕ ಎಳೆದು ಹಾಕಿದರೆ ‘ಬದಲಿಸಲೆ?’ ಎಂದು ಕೇಳೀತು; ಕಮಾಂಡ್ ಮೂಲಕ ನಕಲು ಮಾಡಿದರೆ ಸದ್ದಿಲ್ಲದೆ ಒಂದು ಹೋಗಬಹುದು.

ಆದ್ದರಿಂದ ಹೆಸರು ಬದಲಿಸುವ ಕೆಲಸ ಲಿನಕ್ಸ್ ಯಂತ್ರದಲ್ಲಿಯೇ ಮುಗಿಯಲಿ. ಅಲ್ಲಿನ ಈಮ್ಯಾಕ್ಸ್ ಪಟ್ಟಿಯಲ್ಲಿ ಎರಡೂ ಸಾಲುಗಳ ಗಾತ್ರ ಮತ್ತು ದಿನಾಂಕ ನೋಡಿದರೆ ಸಾಮಾನ್ಯವಾಗಿ ಯಾವುದು ಹಳೆಯ ಕರಡು, ಯಾವುದು ತಿದ್ದಿದ್ದು ಎಂದು ತಿಳಿಯುತ್ತದೆ. ಸಂಶಯವಿದ್ದರೆ ಒಂದರ ಮೇಲೆ ನಿಂತು ಸಮ ಚಿಹ್ನೆಯನ್ನು ಒತ್ತಿ, ಇನ್ನೊಂದರ ಹೆಸರು ಕೊಟ್ಟರೆ ಎರಡರ ನಡುವಿನ ವ್ಯತ್ಯಾಸ ತೆರೆದುಕೊಳ್ಳುತ್ತದೆ. ಆಮೇಲೆ ದೊಡ್ಡಕ್ಷರದ ಆರ್ ಒತ್ತಿ, ಒಂದಕ್ಕೆ ಅಳಿಯ ಹೆಸರನ್ನು ಪೂರ್ತಿ ಹೊಸದಾಗಿ ಟೈಪ್ ಮಾಡಲಿ. ಹಳೆಯ ಹೆಸರಿನ ಬಾಲಕ್ಕೆ ‘ಹಳೆಯದು’ ಎಂದು ಸೇರಿಸಿದರೆ ಘರ್ಷಣೆ ತಪ್ಪುತ್ತದೆ ನಿಜ, ಆದರೆ ಒಡೆದ ರೂಪ ಹಾಗೆಯೇ ಉಳಿದು ಮುಂದೆ ಹುಡುಕುವಾಗ ಸಿಗದೆ ಕಾಡುತ್ತದೆ.

ಇನ್ನು ಪಟ್ಟಿಯ ವಿಷಯ. ಈಮ್ಯಾಕ್ಸ್‌ನಲ್ಲಿ ಫೋಲ್ಡರ್ ತೋರಿಸುವ ಭಾಗದ ಹೆಸರು ಡೈರೆಡ್. 1974ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಸ್ವತಂತ್ರ ತಂತ್ರಾಂಶವಾಗಿ ಹುಟ್ಟಿ, ಆಮೇಲೆ ಈಮ್ಯಾಕ್ಸ್‌ನೊಳಗೆ ಸೇರಿಕೊಂಡದ್ದು. ಅದು ಫೋಲ್ಡರನ್ನು ನೇರವಾಗಿ ನೋಡುವುದಿಲ್ಲ. ಯುನಿಕ್ಸ್ ಕಾಲದಿಂದ ಬಂದಿರುವ ಎಲ್‌ಎಸ್ ಎಂಬ ಪುಟ್ಟ ಪ್ರೋಗ್ರಾಮನ್ನು ಕರೆದು, ಅದು ಕೊಟ್ಟ ಪಟ್ಟಿಯನ್ನು ಹಾಗೆಯೇ ನಿಮ್ಮ ಮುಂದೆ ಇಡುತ್ತದೆ. ನಿಮಗೆ ಕಾಣುವ ‘ಅರ್ಥವಾಗದ ಅಕ್ಷರಗಳು’ ಯಾರು ಓದಬಹುದು, ಯಾರು ಬರೆಯಬಹುದು ಎಂಬ ಅನುಮತಿಗಳು. ಮುಂದೆ ಒಡೆಯನ ಹೆಸರು, ಗುಂಪು, ಬೈಟುಗಳಲ್ಲಿ ಗಾತ್ರ, ದಿನಾಂಕ, ಕೊನೆಗೆ ಫೈಲಿನ ಹೆಸರು. ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಕಾಲಕ್ಕೆ ಒಡೆಯ ಯಾರೆಂದು ತಿಳಿಯುವುದು ಅಗತ್ಯವಾಗಿತ್ತು. ಮನೆಯ ಮ್ಯಾಕ್‌ನಲ್ಲಿ ಸಾಲುಸಾಲಿಗೂ ನಿಮ್ಮದೇ ಹೆಸರು ಓದುವುದರಲ್ಲಿ ಏನೂ ಲಾಭವಿಲ್ಲ.

ಮುಖ್ಯ ಸಂಗತಿ ಇದರ ಮುಂದಿನದು. ಈ ಪಟ್ಟಿಯನ್ನು ನೀವು ಓದುವುದಲ್ಲದೆ ಈಮ್ಯಾಕ್ಸ್ ಕೂಡ ಓದುತ್ತದೆ. ನೀವು ಒಂದು ಸಾಲಿನ ಮೇಲೆ ಎಂಟರ್ ಒತ್ತಿದಾಗ, ಆ ಸಾಲಿನಲ್ಲಿ ದಿನಾಂಕ ಎಲ್ಲಿ ಮುಗಿಯಿತು, ಹೆಸರು ಎಲ್ಲಿ ಶುರುವಾಯಿತು ಎಂದು ನೋಡಿ ಅದು ಫೈಲನ್ನು ತೆರೆಯುತ್ತದೆ. ಲಿನಕ್ಸ್‌ನಲ್ಲಿ ಸಿಗುವ ಗ್ನೂ ಎಲ್‌ಎಸ್ ‘ಹೆಸರುಗಳು ಇಂತಿಂಥ ಜಾಗದಲ್ಲಿವೆ’ ಎಂದು ಗುಟ್ಟಾಗಿ ಒಂದು ಸೂಚಿ ಕೊಡುತ್ತದೆ. ಮ್ಯಾಕ್‌ನಲ್ಲಿರುವುದು ಬಿಎಸ್‌ಡಿ ಎಂಬ ಇನ್ನೊಂದು ಯುನಿಕ್ಸ್ ಮನೆತನದ ಎಲ್‌ಎಸ್. ಅದಕ್ಕೆ ಈ ಸೂಚಿ ಕೊಡಲು ಬರುವುದಿಲ್ಲ. ‘ಎಲ್‌ಎಸ್ ಡೈರೆಡ್ ಆಯ್ಕೆಯನ್ನು ಬೆಂಬಲಿಸುವುದಿಲ್ಲ’ ಎಂಬರ್ಥದ ಎಚ್ಚರಿಕೆಯನ್ನು ನೀವು ಕೆಳಗಿನ ಸಾಲಿನಲ್ಲಿ ನೋಡಿರಲೂಬಹುದು. ಅದು ನಿರಪಾಯ, ಸೂಚಿ ಇಲ್ಲದಿದ್ದರೆ ಈಮ್ಯಾಕ್ಸ್ ದಿನಾಂಕದ ಚಹರೆ ನೋಡಿ ಹೆಸರನ್ನು ಪತ್ತೆ ಮಾಡುತ್ತದೆ. ಹಾಗಾಗಿ ಪಟ್ಟಿಯ ಕಾಲಮ್ಮುಗಳನ್ನು ಮನಸ್ಸಿಗೆ ಬಂದಂತೆ ಕಿತ್ತು ಹಾಕುವುದಕ್ಕಿಂತ, ಪಟ್ಟಿಯನ್ನು ಹಾಗೆಯೇ ಬಿಟ್ಟು ಕಣ್ಣಿಗೆ ಕಾಣುವುದನ್ನು ಮಾತ್ರ ಕಡಿಮೆ ಮಾಡುವುದು ಕ್ಷೇಮ. ನನ್ನ ಸಲಹೆಗಳೆಲ್ಲ ಈ ಲೆಕ್ಕದಲ್ಲಿಯೇ ಇವೆ.

ಕಾರ್ಯದರ್ಶಿಯವರ ಮೊದಲ ಮಾತು ಹಾಗಾಗಿ ತಪ್ಪು. ಕ್ರಮ ಬದಲಿಸಿದರೆ, ಕಾಲಮ್ ಅಡಗಿಸಿದರೆ, ಡಿಸ್ಕ್‌ನಲ್ಲಿ ಒಂದು ಅಕ್ಷರವೂ ಕದಲುವುದಿಲ್ಲ. ಉಡುಪಿ ಹೋಟೆಲಿನ ಬೋರ್ಡಿನಿಂದ ‘ಬನ್ಸ್’ ಎಂಬ ಸಾಲನ್ನು ಒರೆಸಿದರೆ ಅಡುಗೆಮನೆಯ ತಟ್ಟೆಯಲ್ಲಿರುವ ಬನ್ಸ್ ಕರಗುವುದಿಲ್ಲವಷ್ಟೆ. ಕೆ ಅಕ್ಷರ ಮಾಡಿದ್ದು ಅಷ್ಟೇ: ಗುರುತು ಹಾಕಿದ ಸಾಲುಗಳನ್ನು ಈ ಹೊತ್ತಿನ ಪಟ್ಟಿಯಿಂದ ಒರೆಸಿತು. ಜಿ ಒತ್ತಿದರೆ ಈಮ್ಯಾಕ್ಸ್ ಮತ್ತೆ ಎಲ್‌ಎಸ್ ಅನ್ನು ಕೇಳಿ ಹೊಸ ಪಟ್ಟಿ ತರುತ್ತದೆ. ನಿಜವಾಗಿ ಅಳಿಸುವ ಗುಂಡಿಗಳು ಬೇರೆ. ಸಣ್ಣ ಡಿ ಒತ್ತಿದರೆ ಅಳಿಸಬೇಕೆಂಬ ಗುರುತು ಬೀಳುತ್ತದೆ, ಎಕ್ಸ್ ಒತ್ತಿ ಒಪ್ಪಿಗೆ ಕೊಟ್ಟ ಮೇಲೆ ಫೈಲ್ ಹೋಗುತ್ತದೆ. ದೊಡ್ಡಕ್ಷರದ ಡಿ ಗುರುತಿನ ಹಂತವಿಲ್ಲದೆ ನೇರ ಒಪ್ಪಿಗೆ ಕೇಳುತ್ತದೆ.

ಆದರೆ ಕಾರ್ಯದರ್ಶಿಯವರ ಭಯ ಪೂರ್ತಿ ಬುಡವಿಲ್ಲದ್ದೂ ಅಲ್ಲ. ಡೈರೆಡ್ ಪಟ್ಟಿಯೇ ಫೈಲುಗಳನ್ನು ಬದಲಿಸುವ ಒಂದು ಸ್ಥಿತಿಯಿದೆ. ಕಂಟ್ರೋಲ್ ಹಿಡಿದು ಎಕ್ಸ್, ಮತ್ತೆ ಕಂಟ್ರೋಲ್ ಹಿಡಿದು ಕ್ಯೂ ಒತ್ತಿದರೆ ಪಟ್ಟಿಯಲ್ಲಿರುವ ಹೆಸರುಗಳನ್ನು ಲೇಖನ ತಿದ್ದಿದಂತೆ ತಿದ್ದಬಹುದು. ಕಂಟ್ರೋಲ್-ಸಿ ಎರಡು ಸಲ ಒತ್ತಿದ ಕೂಡಲೆ ಪರದೆಯ ಮೇಲೆ ತಿದ್ದಿದ ಹೆಸರೆಲ್ಲ ಡಿಸ್ಕ್‌ನಲ್ಲಿಯೂ ಬದಲಾಗುತ್ತದೆ. ಬೇಡವೆನಿಸಿದರೆ ಕಂಟ್ರೋಲ್-ಸಿ, ಕಂಟ್ರೋಲ್-ಕೆ ಒತ್ತಿ ಹಿಂದೆ ಸರಿಯಬಹುದು. ಇದು ಅದ್ಭುತ ಸೌಲಭ್ಯ, ನಿಮಗೆ ಮುಂದೆ ಬೇಕಾಗುತ್ತದೆ. ನೋಟ ಬದಲಿಸುವುದಕ್ಕೂ ಹೆಸರು ಬದಲಿಸುವುದಕ್ಕೂ ಇರುವ ಗೆರೆ ಇಲ್ಲಿದೆ ಎಂಬುದನ್ನು ಮಾತ್ರ ಮನಸ್ಸಿನಲ್ಲಿಡಿ.

ಈಗ ನಿಮ್ಮ ಕಣ್ಣಿನ ಕಷ್ಟಕ್ಕೆ. ಪಟ್ಟಿಯಲ್ಲಿ ನಿಂತು ಎಡ ಆವರಣ ಚಿಹ್ನೆಯನ್ನು, ಅಂದರೆ ‘(’ ಗುಂಡಿಯನ್ನು ಒತ್ತಿ. ಅನುಮತಿ, ಒಡೆಯ, ಗಾತ್ರ, ದಿನಾಂಕ ಎಲ್ಲ ಅಡಗಿ ಹೆಸರು ಮಾತ್ರ ಉಳಿಯುತ್ತದೆ. ಅದೇ ಗುಂಡಿ ಮತ್ತೆ ಒತ್ತಿದರೆ ವಿವರ ಮರಳುತ್ತದೆ. ಈಮ್ಯಾಕ್ಸ್‌ನ 24.4ನೆಯ ಆವೃತ್ತಿಯಿಂದ ಇದು ಒಳಗೇ ಬರುತ್ತದೆ, ಏನನ್ನೂ ಹಾಕಿಕೊಳ್ಳಬೇಕಿಲ್ಲ. ಕಾಲಮ್ಮುಗಳು ಒಳಗೆ ಇದ್ದೇ ಇರುವುದರಿಂದ ಈಮ್ಯಾಕ್ಸ್‌ಗೂ ಗೊಂದಲವಿಲ್ಲ. ನಿಮ್ಮಂಥವರಿಗೆ ಇದೊಂದೇ ಗುಂಡಿ ಅರ್ಧ ಸಮಸ್ಯೆ ಕಳೆಯುತ್ತದೆ. ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಇದಾದ ಮೇಲೆ ಮುಂದಿನದನ್ನು ಕೇಳಿಯೇ ಇಲ್ಲ. ಪ್ರತಿ ಸಲ ತಾನಾಗಿ ಹೀಗೆ ತೆರೆಯಬೇಕೆಂದರೆ ಈಮ್ಯಾಕ್ಸ್ ತೆರೆಯುವಾಗಲೆಲ್ಲ ಓದುವ ಆರಂಭದ ಫೈಲಿನಲ್ಲಿ ಒಂದು ಸಾಲು ಬೇಕು, ಅಳಿಯ ಹಾಕಿಕೊಡುತ್ತಾರೆ. ನಾನಾದರೆ ಹಾಗೆ ಮಾಡುವುದಿಲ್ಲ. ‘ಫೋರ್ಟ್ ಶಾಲೆ’ಯ ಪ್ರಕರಣದಲ್ಲಿ ನೋಡಿದಿರಲ್ಲ, ಗಾತ್ರ ಮತ್ತು ದಿನಾಂಕಗಳೇ ಒಮ್ಮೊಮ್ಮೆ ಸಾಕ್ಷಿ ಹೇಳುವುದು.

ಅಳಿಯ ಕಳಿಸಿದ ಸಾಲು ಏಕೆ ಕೈಕೊಟ್ಟಿತು? ಡೈರೆಡ್-ಲಿಸ್ಟಿಂಗ್-ಸ್ವಿಚಸ್ ಎಂಬ ಒಂದು ಸೆಟ್ಟಿಂಗ್ ಇದೆ. ಎಲ್‌ಎಸ್‌ಗೆ ಏನೇನು ಹೇಳಿ ಕಳಿಸಬೇಕು ಎಂಬುದು ಅದರಲ್ಲಿರುತ್ತದೆ. ಮೊದಲಿನಿಂದ ಇರುವುದು ಮೈನಸ್ ಚಿಹ್ನೆಯ ಮುಂದೆ ಎ ಮತ್ತು ಎಲ್ ಎಂಬ ಎರಡೇ ಅಕ್ಷರ. ಎ ಎಂದರೆ ಮರೆಯಲ್ಲಿರುವುದನ್ನೂ ತೋರಿಸು, ಎಲ್ ಎಂದರೆ ಉದ್ದದ ವಿವರ ಕೊಡು. ಎಲ್ ಇರಲೇಬೇಕು, ಅದನ್ನು ತೆಗೆದರೆ ಡೈರೆಡ್ ಕುರುಡಾಗುತ್ತದೆ. ಲಿನಕ್ಸ್ ಬಳಸುವವರು ಇದರ ಜೊತೆಗೆ ‘ಫೋಲ್ಡರುಗಳನ್ನು ಮೊದಲು ಗುಂಪು ಮಾಡು’ ಎಂಬ ಉದ್ದನೆಯ ಆಯ್ಕೆಯನ್ನು ಸೇರಿಸುವುದು ರೂಢಿ. ಅದು ಗ್ನೂ ಎಲ್‌ಎಸ್‌ಗೆ ಗೊತ್ತು, ಮ್ಯಾಕ್‌ನ ಎಲ್‌ಎಸ್‌ಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ ಅದು ಪಟ್ಟಿ ಕೊಡುವುದನ್ನೇ ನಿಲ್ಲಿಸುತ್ತದೆ. ಇದಕ್ಕಿಂತ ಕುತಂತ್ರದ್ದು, ಒಂದೇ ಅಕ್ಷರಕ್ಕೆ ಎರಡು ಮನೆತನದಲ್ಲಿ ಎರಡು ಅರ್ಥ ಇರುವುದು: ದೊಡ್ಡಕ್ಷರದ ಜಿ ಗ್ನೂನಲ್ಲಿ ಗುಂಪಿನ ಕಾಲಮ್ ತೆಗೆಯುತ್ತದೆ, ಮ್ಯಾಕ್‌ನಲ್ಲಿ ಬಣ್ಣ ಕೇಳುತ್ತದೆ. ಅಲ್ಲಿ ದೋಷದ ಸೂಚನೆಯೂ ಬರುವುದಿಲ್ಲ, ಕೇಳಿದ ಕೆಲಸವೂ ಆಗುವುದಿಲ್ಲ.

ನಿಮ್ಮ ಮುಂದೆ ಎರಡು ದಾರಿ ಇವೆ. ಮ್ಯಾಕ್‌ಗೆ ತಂತ್ರಾಂಶಗಳನ್ನು ತಂದು ಹಾಕುವ ಹೋಮ್‌ಬ್ರೂ ಮೂಲಕ ಕೋರ್‌ಯುಟಿಲ್ಸ್ ಎಂಬ ಕಟ್ಟನ್ನು ಹಾಕಿಕೊಂಡರೆ ಜಿಎಲ್‌ಎಸ್ ಎಂಬ ಹೆಸರಿನಲ್ಲಿ ಗ್ನೂ ಎಲ್‌ಎಸ್ ನಿಮ್ಮ ಮ್ಯಾಕ್‌ಗೆ ಬರುತ್ತದೆ. ಇನ್ಸರ್ಟ್-ಡೈರೆಕ್ಟರಿ-ಪ್ರೋಗ್ರಾಮ್ ಎಂಬ ಸೆಟ್ಟಿಂಗ್‌ನಲ್ಲಿ ಅದರ ಹೆಸರು ಕೊಟ್ಟರೆ ಅಳಿಯನ ಸಾಲು ಯಥಾವತ್ತಾಗಿ ನಡೆಯುತ್ತದೆ. ಹೋಮ್‌ಬ್ರೂ ನೋಡಿಕೊಳ್ಳುವ ಜವಾಬ್ದಾರಿ ಮಾತ್ರ ಹೆಗಲಿಗೆ ಬರುತ್ತದೆ. ಹೊಸ ಮ್ಯಾಕ್ ಕೊಂಡ ದಿನ ಈಮ್ಯಾಕ್ಸ್ ಸೆಟ್ಟಿಂಗ್ ಮಾತ್ರ ನಕಲು ಮಾಡಿ ಜಿಎಲ್‌ಎಸ್ ಮರೆತರೆ ಪಟ್ಟಿ ಮತ್ತೆ ಬಂದ್.

ಇನ್ನೊಂದು ದಾರಿ, ನಾನು ನಿಮಗೆ ಹೇಳುವುದು ಇದನ್ನೇ. ಈಮ್ಯಾಕ್ಸ್‌ನೊಳಗೆ ಎಲ್‌ಎಸ್-ಲಿಸ್ಪ್ ಎಂಬ ಭಾಗವಿದೆ; ಹೊರಗಿನ ಎಲ್‌ಎಸ್‌ನ ನೆರವಿಲ್ಲದೆ ತಾನೇ ಪಟ್ಟಿ ಬರೆಯುತ್ತದೆ. ವಿಂಡೋಸ್‌ನಲ್ಲಿ ಈಮ್ಯಾಕ್ಸ್ ಕೆಲಸ ಮಾಡುವುದೇ ಹೀಗೆ. ಮ್ಯಾಕ್‌ನಲ್ಲಿ ಆಪ್ಷನ್ ಹಿಡಿದು ಎಕ್ಸ್ ಒತ್ತಿ, ಕಸ್ಟಮೈಸ್-ಗ್ರೂಪ್ ಎಂದು ಕೊಟ್ಟು, ಎಲ್‌ಎಸ್-ಲಿಸ್ಪ್ ಎಂದು ಹೇಳಿದರೆ ಬ್ಯಾಂಕಿನ ಅರ್ಜಿಯಂಥ ನಮೂನೆ ತೆರೆಯುತ್ತದೆ. ಅದರಲ್ಲಿ ಹೊರಗಿನ ಪ್ರೋಗ್ರಾಮ್ ಬಳಸುವ ಆಯ್ಕೆಯನ್ನು ಆಫ್ ಮಾಡಿ, ಫೋಲ್ಡರುಗಳು ಮೊದಲು ಎಂಬುದನ್ನು ಆನ್ ಮಾಡಿ. ಇದು ಪ್ರತಿ ಸಲ ಜಾರಿಗೆ ಬರಲು ಆರಂಭದ ಫೈಲಿನಲ್ಲಿ ಎಲ್‌ಎಸ್-ಲಿಸ್ಪ್ ಅನ್ನು ಕರೆಸಿಕೊಳ್ಳುವ ಒಂದು ಸಾಲೂ ಬೇಕು. ಆ ನಮೂನೆಯಲ್ಲಿ ಸದ್ಯಕ್ಕೆ ಅನ್ವಯಿಸುವ ಗುಂಡಿ ಬೇರೆ, ಶಾಶ್ವತವಾಗಿ ಉಳಿಸುವ ಗುಂಡಿ ಬೇರೆ. ಒಂದೆರಡು ದಿನ ಮೊದಲಿನದರಲ್ಲಿಯೇ ಕೆಲಸ ಮಾಡಿ ನೋಡಿ. ಹಿಡಿಸದಿದ್ದರೆ ಈಮ್ಯಾಕ್ಸ್ ಮುಚ್ಚಿ ತೆರೆದರೆ ಎಲ್ಲ ಮೊದಲಿನಂತೆ. ಈ ದಾರಿಯ ಕೊರತೆ ಎಂದರೆ ಉದ್ದನೆಯ ಆಯ್ಕೆಗಳು ಇದಕ್ಕೆ ತಿಳಿಯುವುದಿಲ್ಲ, ಮತ್ತು ಭಾರಿ ಫೋಲ್ಡರುಗಳಲ್ಲಿ ಸ್ವಲ್ಪ ನಿಧಾನ. ಸ್ಮರಣ ಸಂಚಿಕೆಯ ಮಟ್ಟಿಗೆ ಅದು ಗಮನಕ್ಕೂ ಬಾರದು.

ಆಗಲೇ ಹೇಳಿದ ಡೈರೆಡ್-ಲಿಸ್ಟಿಂಗ್-ಸ್ವಿಚಸ್ ಸೆಟ್ಟಿಂಗಿನ ಸ್ವಿಚ್ಚುಗಳಿಗೆ, ಅಂದರೆ ಎ, ಎಲ್ ಅಕ್ಷರಗಳ ಜೊತೆಗೆ, ಇನ್ನೆರಡು ಅಕ್ಷರ ಸೇರಿಸಿ. ಎಚ್ ಸೇರಿಸಿದರೆ ಗಾತ್ರ ಬೈಟುಗಳ ಉದ್ದನೆಯ ಅಂಕಿಯ ಬದಲು ಕಿಲೋಬೈಟ್, ಮೆಗಾಬೈಟ್ ಲೆಕ್ಕದಲ್ಲಿ ಬರುತ್ತದೆ. ವಿ ಸೇರಿಸಿದರೆ ಹೆಸರಿನೊಳಗಿನ ಅಂಕಿಯನ್ನು ಸಂಖ್ಯೆಯಾಗಿ ಎಣಿಸಿ, ಎರಡರ ನಂತರ ಮೂರು, ಒಂಬತ್ತರ ನಂತರ ಹತ್ತು ಎಂದು ಜೋಡಿಸುತ್ತದೆ. ಇದು ಗ್ನೂ ಎಲ್‌ಎಸ್‌ನಲ್ಲಿಯೂ ಎಲ್‌ಎಸ್-ಲಿಸ್ಪ್‌ನಲ್ಲಿಯೂ ನಡೆಯುತ್ತದೆ. ಹತ್ತನೆಯ ಲೇಖನ ಎರಡನೆಯದಕ್ಕಿಂತ ಮೊದಲು ಬರಲು ಕಾರಣ ಇಷ್ಟೆ: ಸಾಮಾನ್ಯ ಕ್ರಮದಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸುತ್ತಾರೆ, 10ರ ಮೊದಲ ಅಕ್ಷರ 1, ಅದು 2ಕ್ಕಿಂತ ಚಿಕ್ಕದು.

ಇಲ್ಲಿ ಕನ್ನಡ ಅಂಕಿ ಬಳಸುವವರಿಗೆ ಎದುರಾಗುವ ಒಂದು ತೊಡಕಿದೆ. ವಿ ಆಯ್ಕೆಗೆ ಗೊತ್ತಿರುವ ಅಂಕಿಗಳು 0ಯಿಂದ 9ರವರೆಗಿನವು ಮಾತ್ರ. ‘ಲೇಖನ ೧೦’ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಅದರ ಪಾಲಿಗೆ ೧, ೦ ಎಂಬವು ಕ, ಖ ಇದ್ದ ಹಾಗೆ ಬರಿಯ ಅಕ್ಷರಗಳು. ಮತ್ತೆ ೧, ೧೦, ೧೧, ೨ ಎಂಬ ಕ್ರಮವೇ ಬರುತ್ತದೆ. ಜೊತೆಗೆ ಬರಿಯ ಸಂಕೇತಸಂಖ್ಯೆಯ ಕ್ರಮದಲ್ಲಿ ಕನ್ನಡ ಅಂಕಿಗಳ ಸ್ಥಾನ ಕನ್ನಡ ಅಕ್ಷರಗಳ ಆಚೆಗೆ. ೧ರಿಂದ ಶುರುವಾಗುವ ಹೆಸರು ‘ಹ’ಕಾರದ ಹೆಸರಿಗಿಂತಲೂ ಕೆಳಗೆ ಹೋಗಿ ಕೂರುತ್ತದೆ, ಇಂಗ್ಲಿಷ್ ಹೆಸರುಗಳೆಲ್ಲ ಮೇಲೆ ಬರುತ್ತವೆ. ಅಭಿಮಾನದಿಂದ ಕನ್ನಡ ಅಂಕಿ ಬಳಸುವವರನ್ನು ನಾನು ತಡೆಯುವುದಿಲ್ಲ. ಆದರೆ ಮುಂದೆ ಸೊನ್ನೆ ತುಂಬಿ ಎಲ್ಲ ಸಂಖ್ಯೆಯನ್ನೂ ಮೂರಂಕಿ ಮಾಡಿ: ೦೦೧, ೦೦೨, ೦೧೦. ಆಗ ಯಾವ ಆಯ್ಕೆಯ ಹಂಗೂ ಇಲ್ಲದೆ ಯಾವ ಯಂತ್ರದಲ್ಲಿಯೂ ಕ್ರಮ ಸರಿಯಾಗಿಯೇ ಬರುತ್ತದೆ. ಒಂದೇ ಫೋಲ್ಡರಿನಲ್ಲಿ ಎರಡೂ ಬಗೆಯ ಅಂಕಿ ಬೆರೆಸಬೇಡಿ, ಅಷ್ಟೆ. ಮುದ್ರಣಾಲಯದವರು ನಿಮ್ಮ ಫೋಲ್ಡರನ್ನು ಯಾವುದರಲ್ಲಿ ತೆರೆಯುತ್ತಾರೋ ಯಾರಿಗೆ ಗೊತ್ತು; ಕ್ರಮವನ್ನು ಹೆಸರಿನೊಳಗೇ ಇಡುವುದು ಎಲ್ಲಕ್ಕಿಂತ ಗಟ್ಟಿ. ಆ ಹೆಸರು ತಿದ್ದುವ ಸ್ಥಿತಿ ಉಪಯೋಗಕ್ಕೆ ಬರುವುದು ಇಲ್ಲಿ. ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ಇಟ್ಟು, ಆಮೇಲೆ ಕುಳಿತು ಒಂದೇ ಸಲಕ್ಕೆ ಎಲ್ಲ ಹೆಸರಿನ ಮುಂದೆ ಸೊನ್ನೆ ತುಂಬಿ.

ಹೆಸರುಗಳ ಮಾತು ಬಂದಿರುವುದರಿಂದ ಇನ್ನೊಂದು. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಫೈಲಿಗೆ ಹೆಸರಾಗಿ ಇಡುವ ಅಭ್ಯಾಸ ನಮ್ಮ ಸಂಘಗಳಲ್ಲಿ ಬಹಳ. ಲಿನಕ್ಸ್‌ನ ಸಾಮಾನ್ಯ ಡಿಸ್ಕ್ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು; ಹಲಂತವೂ ಲೆಕ್ಕಕ್ಕೆ ಬರುತ್ತದೆ. ‘ಸ್ಮರಣ’ ಎಂಬ ಪುಟ್ಟ ಪದಕ್ಕೆ 15 ಬೈಟ್. ಒಟ್ಟು 85 ಸಂಕೇತ ದಾಟಿದರೆ ನಿಮ್ಮ ಮ್ಯಾಕ್‌ನಲ್ಲಿ ಚೆನ್ನಾಗಿಯೇ ಇದ್ದ ಫೈಲ್ ಅಳಿಯನ ಯಂತ್ರಕ್ಕೆ ಇಳಿಯಲು ಒಪ್ಪುವುದಿಲ್ಲ.

ದಿನಾಂಕದ ರೂಪವನ್ನು ಬದಲಿಸುವ ಆಸೆ ಹಲವರಿಗೆ ಇರುತ್ತದೆ, ನಮ್ಮ ರೂಢಿಯ ದಿನ-ತಿಂಗಳು-ವರ್ಷ ಬರಲಿ ಎಂದು. ಬೇಡ ಎನ್ನುತ್ತೇನೆ. ಹೆಸರು ಎಲ್ಲಿದೆಯೆಂದು ಈಮ್ಯಾಕ್ಸ್ ದಿನಾಂಕ ನೋಡಿಯೇ ಪತ್ತೆ ಮಾಡುವಲ್ಲೆಲ್ಲ, ಪರಿಚಯವಿಲ್ಲದ ರೂಪ ಬಂದರೆ ದಾರಿ ತಪ್ಪಬಹುದು. ಫೈಲ್ ಕಣ್ಣೆದುರು ಇದ್ದರೂ ‘ಈ ಸಾಲಿನಲ್ಲಿ ಫೈಲ್ ಇಲ್ಲ’ ಎಂದು ಹಟ ಹಿಡಿಯುತ್ತದೆ. ವರ್ಷ-ತಿಂಗಳು-ದಿನ ಎಂಬ ಅಂಕಿಯ ರೂಪ ಅದಕ್ಕೆ ಚೆನ್ನಾಗಿ ಗೊತ್ತು, ಅದಕ್ಕೆ ತೃಪ್ತರಾಗಿ. ಹೆಸರಿನ ಪಕ್ಕದಲ್ಲಿ ಚಿತ್ರ, ಬಣ್ಣ ಹಾಕುವ ಜೊತೆಭಾಗಗಳೂ ಹಲವು ಸಿಗುತ್ತವೆ. ಅಂದಕ್ಕೆ ಅಡ್ಡಿಯಿಲ್ಲ, ಆದರೆ ಅವು ನಿಮ್ಮ ಒಂದು ತೊಂದರೆಯನ್ನೂ ಬಗೆಹರಿಸುವುದಿಲ್ಲ.

ಕಸದಂತೆ ಕಾಣುವ ಫೈಲುಗಳನ್ನು ನೀವು ಪತ್ರದಲ್ಲಿ ಬರೆಯದಿದ್ದರೂ ಅವು ಇದ್ದೇ ಇರುತ್ತವೆ. ಚುಕ್ಕಿಯಿಂದ ಶುರುವಾಗುವ ಡಿಎಸ್ ಸ್ಟೋರ್ ಎಂಬುದು ಫೈಂಡರ್ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಂಡದ್ದು. ಕೊನೆಗೆ ಅಲೆಯ ಗೆರೆ ‘~’ ಇರುವುದು ಈಮ್ಯಾಕ್ಸ್ ಇಟ್ಟ ಹಿಂದಿನ ಪ್ರತಿ. ಎರಡೂ ಬದಿಯಲ್ಲಿ ‘#’ ಇರುವುದು ನೀವು ಉಳಿಸುವ ಮುಂಚೆಯೇ ಅದು ತಾನಾಗಿ ಉಳಿಸಿದ್ದು. ಸ್ವಿಚ್ಚುಗಳಿಂದ ಎ ತೆಗೆದರೆ ಚುಕ್ಕಿಯವು ಕಾಣುವುದಿಲ್ಲ. ಉಳಿದವನ್ನು ಬದಿಗೆ ಸರಿಸಲು ಡೈರೆಡ್-ಎಕ್ಸ್ ಎಂಬ ಜೊತೆಭಾಗದ ‘ಆಮಿಟ್’ ಸ್ಥಿತಿ ಇದೆ. ಕಂಟ್ರೋಲ್-ಎಕ್ಸ್, ಆಮೇಲೆ ಆಪ್ಷನ್ ಹಿಡಿದು ಓ ಒತ್ತಿದರೆ ಅದು ಆನ್, ಮತ್ತೆ ಒತ್ತಿದರೆ ಆಫ್. ಯಾವುದನ್ನು ಸರಿಸಬೇಕೆಂಬ ಅದರ ಸಿದ್ಧ ಪಟ್ಟಿಯನ್ನು ಪ್ರೋಗ್ರಾಮರುಗಳು ಮತ್ತು ಟೆಕ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಳಸುವವರು ತಮ್ಮ ಅನುಕೂಲಕ್ಕೆ ಮಾಡಿಕೊಂಡಿದ್ದಾರೆ. ಸಂಚಿಕೆಯ ಪುಟವಿನ್ಯಾಸವನ್ನು ಯಾರಾದರೂ ಅದೇ ಬಗೆಯ ಲೇಟೆಕ್‌ನಲ್ಲಿ ಮಾಡುತ್ತಿದ್ದರೆ ಅದರ ಸಹಾಯಕ ಫೈಲುಗಳೂ ಮರೆಯಾಗುತ್ತವೆ. ದೋಷ ಹುಡುಕುವ ದಿನ ಅವೇ ಬೇಕಾಗಬಹುದು.

ಮರೆಯಾದದ್ದು ಅಲ್ಲಿಯೇ ಇರುತ್ತದೆ ಎಂಬುದಕ್ಕೆ ಇನ್ನೊಂದು ಮಗ್ಗುಲೂ ಇದೆ. ಒಂದು ಫೋಲ್ಡರನ್ನು ನೀವು ಇಡಿಯಾಗಿ ಅಳಿಸಿದರೆ, ಅದರೊಳಗೆ ನಿಮಗೆ ಕಾಣದಿದ್ದದ್ದೂ ಜೊತೆಗೆ ಹೋಗುತ್ತದೆ. ಇಡಿಯಾಗಿ ನಕಲು ಮಾಡಿ ಮುದ್ರಣಾಲಯಕ್ಕೆ ಕೊಟ್ಟರೆ ಕಾಣದಿದ್ದದ್ದೂ ಪೆನ್‌ಡ್ರೈವ್ ಹತ್ತಿ ಹೋಗುತ್ತದೆ. ಹಾಗಾಗಿ ಫೋಲ್ಡರ್ ಅಳಿಸುವ ಮುನ್ನ, ಹೊರಗೆ ಕೊಡುವ ಮುನ್ನ, ಅಡಗಿಸಿದ್ದನ್ನೆಲ್ಲ ಒಮ್ಮೆ ತೆರೆದು ನೋಡಿ. ಡಿಲೀಟ್-ಬೈ-ಮೂವಿಂಗ್-ಟು-ಟ್ರ್ಯಾಶ್ ಎಂಬ ಸೆಟ್ಟಿಂಗನ್ನೂ ಆನ್ ಮಾಡಿ, ಅಳಿಸಿದ್ದು ನೇರ ನಾಶವಾಗುವ ಬದಲು ಕಸದ ಬುಟ್ಟಿಗೆ ಹೋಗುತ್ತದೆ. ಬೇಡದ ಫೈಲೊಂದನ್ನು ಅಳಿಸಿ, ಅದು ನಿಮ್ಮ ಡಾಕ್‌ನ ಬುಟ್ಟಿಯಲ್ಲಿಯೇ ಬಂದು ಬೀಳುತ್ತದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಅದನ್ನು ನಂಬಿ.

ದೇಣಿಗೆದಾರರ ಬ್ಯಾಂಕ್ ವಿವರವನ್ನು ಚುಕ್ಕಿ ಇಟ್ಟು ಮರೆಮಾಡುವುದು ರಕ್ಷಣೆಯೇ ಅಲ್ಲ. ಮ್ಯಾಕ್‌ನ ಫೈಂಡರ್‌ನಲ್ಲಿ ಕಮಾಂಡ್, ಶಿಫ್ಟ್ ಮತ್ತು ಪೂರ್ಣವಿರಾಮದ ಗುಂಡಿ ಒಟ್ಟಿಗೆ ಒತ್ತಿದರೆ ಮರೆಯಲ್ಲಿರುವುದೆಲ್ಲ ಬಯಲು. ಬ್ಯಾಂಕಿನಲ್ಲಿದ್ದವರಿಗೆ ನಾನು ಹೇಳಬೇಕಿಲ್ಲ, ಆ ಫೈಲ್ ಸಂಚಿಕೆಯ ಫೋಲ್ಡರಿನಲ್ಲಿ ಇರುವುದೇ ಸಲ್ಲ. ಮ್ಯಾಕ್‌ನ ಡಿಸ್ಕ್ ಯುಟಿಲಿಟಿಯಲ್ಲಿ 256 ಬಿಟ್ ಎಇಎಸ್ ಗೂಢಲಿಪೀಕರಣದ ಡಿಸ್ಕ್ ಇಮೇಜ್ ಒಂದನ್ನು ಮಾಡಿ, ಪಾಸ್‌ವರ್ಡ್ ಕೊಟ್ಟು, ಅದರೊಳಗೆ ಇಡಿ. ಪಾಸ್‌ವರ್ಡ್ ಮರೆತರೆ ಮತ್ತೆ ತೆರೆಯುವ ದಾರಿಯಿಲ್ಲ. ಸಂಘದಲ್ಲಿ ಇನ್ನೊಬ್ಬರಿಗೂ ಅದು ತಿಳಿದಿರಲಿ.

ಬೇರೆ ತಂತ್ರಾಂಶ ಕಲಿಯಬೇಕೆ ಎಂದು ಕೇಳಿದ್ದೀರಿ. ಬರೆಯಲು ಈಮ್ಯಾಕ್ಸ್ ಹಿತವಾಗಿದ್ದರೆ ಪಟ್ಟಿಯ ಸಲುವಾಗಿ ಅದನ್ನು ಬಿಡಬೇಡಿ. ಹೋಲಿಕೆಗೆ ಹೇಳುವುದಾದರೆ, ವಿಎಸ್ ಕೋಡ್ ಎಂಬ ಇನ್ನೊಂದು ಬರಹದ ತಂತ್ರಾಂಶದ ಬದಿಯ ಪಟ್ಟಿ ಮೊದಲಿನಿಂದಲೇ ಫೋಲ್ಡರುಗಳನ್ನು ಮೇಲಿಟ್ಟು, ಅಂಕಿಗಳನ್ನು ಸಂಖ್ಯೆಯಾಗಿ ಎಣಿಸಿ, ಹೆಸರು ಮಾತ್ರ ತೋರಿಸುತ್ತದೆ. ಡಿಎಸ್ ಸ್ಟೋರ್ ಅಲ್ಲಿ ಕಾಣುವುದಿಲ್ಲ. ಆದರೆ ಅಲ್ಲಿಯೂ ಒಂದು ಬಲೆಯಿದೆ. ಯಾವ ಫೈಲುಗಳನ್ನು ಬಿಡಬೇಕು ಎಂಬ ಫೈಲ್ಸ್-ಎಕ್ಸ್‌ಕ್ಲೂಡ್ ಸೆಟ್ಟಿಂಗ್‌ನಲ್ಲಿ ಒಂದು ಹೆಸರು ಬರೆದರೆ, ಅದು ಪಟ್ಟಿಯಿಂದ ಹೋಗುವುದಲ್ಲದೆ ಹುಡುಕಾಟದಿಂದಲೂ ಹೋಗುತ್ತದೆ. ಹಳೆಯ ಕರಡುಗಳ ಫೋಲ್ಡರನ್ನು ಅಲ್ಲಿ ಬರೆದಿಟ್ಟು, ತಿಂಗಳ ನಂತರ ಒಬ್ಬ ಹಳೆಯ ವಿದ್ಯಾರ್ಥಿಯ ಹೆಸರನ್ನು ಎಲ್ಲ ಕರಡುಗಳಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಕಾರ್ಯದರ್ಶಿಯವರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಬಳಸುವವರಾದರೆ ಇದನ್ನು ಅವರಿಗೆ ಮುಂಚಿತವಾಗಿ ತಿಳಿಸಿ.